ಪಾಳು ಬಾವಿ ಕಟ್ಟಿ ಮ್ಯಾಲಿನ ಸಿಸ್ಟರ್

ನಗಬ್ಯಾಡ್ರಿ ಮತ್ತ. ನಕ್ಕರ ನಾ ಮುಂದ ಹೇಳೂದಿಲ್ಲ. ಇದು ಲಿಂಗಂಪಲ್ಲಿಯೊಳಗಿನ ನಮ್ಮ ಬಾಜೂ ಮನಿ ಗದಿಗೆಮ್ಮನ ಮಗಳು ಗುರುದೇವಿಗೆ ಆಗಿದ್ದು. ಹುಡುಗಿ ಜೀಡಿಮೆಟ್ಲಾದಾಗ ನರ್ಸಿಂಗ್ ಓದಾಕತ್ತಿದ್ಲು, ಅಲ್ಲೇ ಹಾಸ್ಟೆಲಿನಾಗ ಇದ್ಲು.

ಅವತ್ತ ಡ್ಯೂಟಿ ಮುಗಿಸಿ ರಾತ್ರಿ ಒಬ್ಬಾಕಿನ ಹಾಸ್ಟೆಲಿಗೆ ಹೊಂಟಾಳ. ಬ್ಯಾಸಿಗಿ, ಗಾಳಿ ಸುಳಿವಿಲ್ಲ. ಫ್ಯಾಕ್ಟರಿ ಗ್ವಾಡಿ ದಾಟಿದ್ರ ಒಂದು ಪಾಳು ಬಾವಿ. ಉಳಿದ ಹುಡುಗ್ಯಾರು ಅಲ್ಲಿ ಅಂಜಿ ಓಡಿ ದಾಟ್ತಿದ್ರು. ಇಕಿ ಹೋಗಿ ಕಟ್ಟಿ ಮ್ಯಾಲೆ ಕುಂತಳು.

ಯಾಕಂತೀರಿ? ನಿದ್ದಿ ಹೋಗಿ ಭಾಳ ದಿನಾ ಆಗಿತ್ತು. ಅನ್ನ ಸೇರೂದಿಲ್ಲ, ಸುಮ್ಮಸುಮ್ಮನ ಅಳು. ಅವ್ವಗ ಹೇಳಿದ್ರ, "ಯಾರದೋ ನೆದರ ಬಿದ್ದೈತಿ" ಅಂತ ಕೈಗೆ ದಾರ ಕಟ್ಟಿದ್ಲು. ವಾರ್ಡನ್ ಯಮುನಾಬಾಯಿಗೆ ಹೇಳಿದ್ರ, "ಭಕ್ತಿ ಕಮ್ಮಿ ಆಗೇತಿ ಬೇಟಿ, ಭಜನಿಗೆ ಬಾ" ಅಂದ್ರು. ಪಾಠ ಹೇಳೂ ಮೇಡಂ ಸುದ್ದಾ "ಪ್ರೇಯರ್ ಮಾಡು" ಅಂದು ಜಾರಿಕೊಂಡ್ರು. ದವಾಖಾನಿ ವಾರ್ಡಿನಾಗ ಕೈಗೆ ಏನೂ ಕಟ್ಟಿರಬಾರದು. ಹಿಂಗಾಗಿ ಡ್ಯೂಟಿಗೆ ಹೋಗಾಗ ದಾರ ಕತ್ತರಸೂದು, ಅವ್ವ ಬಂದು ಬೈದು ಮತ್ತೊಂದು ಕಟ್ಟೂದು. "ನೀ ದಾರ ತಗದಿ, ಅದಕ್ಕ ಆರಾಮಾಗವಲ್ದು!" ಅಯ್ಯ ಶಿವನ, ಯಾರ ಮುಂದ ತಲಿ ಬಡಕೋಬೇಕು? ದಿನಾ ಲಿಂಗಪೂಜಿ ಬಿಡದ ಹುಡುಗಿ ಅದು! ಸಿಟ್ಟಿಗೆದ್ದು ಯಾರಿಗೂ ಹೇಳೂದ ಬಿಟ್ಟಿದ್ಲು.

ಕಿರ್ರ್... ಕಿರ್ರ್...

ರಾಟಿ ತಿರಗಿದ ಸಪ್ಪಳ. ಆ ಬಾವಿಗೆ ರಾಟೀನ ಇಲ್ರಿ... ಯಾವಾಗೋ ಕಳ್ಳರು ಒಯ್ದಾರ.

ಹೊಳ್ಳಿ ನೋಡಿದ್ರ ಬಾಜೂಕ ಬಿಳೀ ಸೀರಿ ಉಟ್ಟ ಸಿಸ್ಟರ್ ಕುಂತಾಳ. ದೆವ್ವಕ್ಕ ಬಿಳೀ ಸೀರಿನ ಬೇಕೇನು ಅಂತ ಚ್ಯಾಷ್ಟಿ ಮಾಡಬ್ಯಾಡ್ರಿ, ಮೊದಲೆಲ್ಲಾ ದವಾಖಾನಿ ಸಿಸ್ಟರುಗಳು ಅದನ್ನ ಉಡ್ತಿದ್ರು. ಮಾರಿ ಕಾಣವಲ್ದು.

"ನಿದ್ದಿ ಬರ್ತೈತೇನವಾ?"

ಗುರುದೇವಿ ಕಟ್ಟಿ ಗಟ್ಟಿ ಹಿಡಕೊಂಡ್ಲು. "ಇಲ್ರಿ..."

"ಊಟ?"

"ಸೇರೂದಿಲ್ರಿ."

"ಸಾಯಬೇಕು ಅನಸ್ತೈತಿ?"

ಬಾವ್ಯಾಗ ಬುಳಕ್ ಅಂತು.

ಇದನ್ನ ಅಂಜದ ಬಾಯಿಬಿಟ್ಟು ಕೇಳಬೇಕು ಅಂತ ಕಾಲೇಜಿನಾಗ ಕಲಿಸಿದ್ರು. ಅಕಿ ಎಷ್ಟೋ ಪೇಶೆಂಟ್‌ಗಳಿಗೆ ಕೇಳ್ಯಾಳ. ಅಕೀನ್ನ ಯಾರೂ ಕೇಳಿರಲಿಲ್ಲ.

"ಹೂಂ ರೀ..." ಅಂದು ಗಳಗಳ ಅತ್ತಳು.

"ದೇವರು ಎಲ್ಲಿಗೂ ಹೋಗೂದಿಲ್ಲ. ನಾಳೆ ಡಾಕ್ಟರ್ ಕಡೆ ಹೋಗು. ಈಗ ಕಟ್ಟಿ ಇಳಿ."

ಇಳದು ನೋಡಿದ್ರ ಯಾರೂ ಇಲ್ಲ. ಹಾಸ್ಟೆಲಿಗೆ ಓಡಿ ಅವ್ವಗ ಫೋನ್ ಹಚ್ಚಿ, ಸಾಯಬೇಕು ಅನಸ್ತೈತಿ ಅನ್ನೂ ಮಾತು ಹೇಳೇ ಬಿಟ್ಲು. ಗದಿಗೆಮ್ಮ ರಾತ್ರೋರಾತ್ರಿ ಆಟೋ ಹಿಡದು ಬಂದು ಮಗಳನ್ನ ತಬ್ಬಿಕೊಂಡು ಕುಂತಳು. ದಾರದ ಮಾತ ತಗೀಲಿಲ್ಲ.

ಮುಂಜಾನೆ ಸರ್ಕಾರಿ ದವಾಖಾನಿಗೆ ಹೋದ್ರು. ಮನಸ್ಸಿನ ಡಾಕ್ಟರ್ ಕಡೆ ಪಾಳಿ ಹಿಡಿಯಾಕ ಮಂದಿ ನಸುಕಿನಾಗ ಬಂದು ಚಪ್ಪಲಿ ಸಾಲಿಗೆ ಇಟ್ಟು ಚಾ ಕುಡಿಯಾಕ ಹೋಗ್ತಾರ. ಸಾಲು ಗೇಟಿನ ತನಕ ಇತ್ತು. "ಇವತ್ತ ಆಗೂದಲ್ಲ, ಹೋಗೂಣು" ಅಂದ್ಲು ಗುರುದೇವಿ. ಮನಿ ಕಡೆ ಹೊಳ್ಳೇ ಬಿಟ್ಟಿದ್ಲು.

ಅಷ್ಟರಾಗ ವಾಚ್‌ಮನ್ ಕೂಗಿದ. "ಗುರುದೇವಿ ಎವರಮ್ಮಾ, ಯಾರು? ಮೊದಲನೇ ಪಾಳಿ ನಿಮ್ಮದು. ಸಿಸ್ಟರಮ್ಮ ರಾತ್ರೀನ ಬಂದು ಹೆಸರು ಹೇಳಿ ಇಟ್ಟು ಹೋಗ್ಯಾರ."

ಡಾಕ್ಟರ್ ಬಾಗಲ ಮುಂದ, ಚಪ್ಪಲಿ ಸಾಲಿನಾಗ ಎಲ್ಲಾಕ್ಕಿಂತ ಮೊದಲ, ಒಂದು ಜೋಡಿ ಬಿಳೀ ಬೂಟು. ತೊಯ್ದು ತಪ್ಪಡಿ ಆಗಿದ್ವು.

ಈಗ ಹುಡುಗಿ ಸುಧಾರಿಸ್ಯಾಳ. ಗುಳಿಗಿ ನಡದಾವ, ಪೂಜೀನೂ ನಡದೈತಿ. ಆ ಬೂಟು ಕೇಳಾಕ ಯಾರೂ ಬರಲಿಲ್ಲ; ಗದಿಗೆಮ್ಮನ ಮನಿಯಾಗ ಅದಾವ, ನಾ ಕೈಲೆ ಮುಟ್ಟಿ ನೋಡೀನಿ, ಆಣಿ ಮಾಡ್ತೀನಿ. ಎರಡು ಬ್ಯಾಸಿಗಿ ಮಾಳಿಗಿ ಮ್ಯಾಲೆ ಬಿಸಲಿಗೆ ಇಟ್ಟಾರ... ಇನ್ನಾ ಆರಿಲ್ಲ.