ಮೇಳದವರು ಏಳುವಂತಿಲ್ಲ

ಶಾಲೆ ಬಿಟ್ಟು ಮುಕ್ಕಾಲು ಗಂಟೆಯಾಗಿದ್ದರೂ ಮಳೆ ನಿಂತಿರಲಿಲ್ಲ. ನಾಟಕದ ತಾಲೀಮಿಗೆಂದು ಉಳಿದಿದ್ದ ಹನ್ನೆರಡು ಮಕ್ಕಳು ನೆಲಮಹಡಿಯ ಸಭಾಂಗಣದಲ್ಲಿ ಅರ್ಧ ವೃತ್ತವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕರೆಂಟು ಹೋಗಿತ್ತು. ಹಳೇ ಪೇಪರು, ಅಂಟು ಸೇರಿಸಿ ಮಾಡಿದ ಮುಖವಾಡಗಳು ಒಣಗಲೆಂದು ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಮಲಗಿದ್ದವು. ಮಳೆಯ ಥಂಡಿಗೆ ಒಂದೂ ಒಣಗಿರಲಿಲ್ಲ.

ಕನ್ನಡಕ ಎಂದೇ ಎಲ್ಲರೂ ಕರೆಯುತ್ತಿದ್ದ ಹುಡುಗಿಗೆ ಮಾತ್ರ ಮಳೆಯ ಕಡೆ ಗಮನವಿರಲಿಲ್ಲ. ಗ್ರೀಕ್ ನಾಟಕದ ಪಾಠದಲ್ಲಿ ನಾಳೆ ದೂತನ ಪಾತ್ರ ಅವಳದು. ಮೂರು ವಾರ ಕಾದು ಗಿಟ್ಟಿಸಿಕೊಂಡ ಪಾತ್ರ. "ಕೂತಲ್ಲಿ ಕೂರೋದನ್ನ ಮೊದ್ಲು ಕಲಿ. ಇನ್ನೊಂದ್ಸಲ ತಾಲೀಮಿನ ಮಧ್ಯೆ ಎದ್ದು ಓಡಾಡಿದ್ರೆ ಪಾತ್ರ ಬೇರೆಯವರಿಗೆ ಕೊಡ್ತೀನಿ" ಎಂದು ನಾಟಕದ ಮೇಡಂ ಆಗಷ್ಟೇ ಗದರಿದ್ದರು. ಹಾಗಾಗಿ ಅವಳು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಗೊಂಬೆಯ ಹಾಗೆ ಕೂತಿದ್ದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಲೈಬ್ರರಿ ಅಜ್ಜಿ ಬಂದರು. ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿದ್ದರೂ ದಿನಾ ಬಂದು, ಕೆಮ್ಮುತ್ತಾ ಮಂಡಿ ನೀವಿಕೊಳ್ಳುತ್ತಾ, ಮಹಡಿ ಮೇಲಿನ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟುತ್ತಿದ್ದ ಮುದುಕಿ. ಬೈಗುಳದಲ್ಲೂ ಕತೆಯಲ್ಲೂ ಎತ್ತಿದ ಕೈ. ಮಕ್ಕಳು ಹೋ ಎಂದು ಕೂಗಿದರು. ಮೇಡಂ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಡಹೋದರೆ ಅಜ್ಜಿ ಬೇಡವೆಂದು ತಲೆಯಾಡಿಸಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

"ಅಜ್ಜಿ, ದೆವ್ವದ ಕತೆ!" ಎಂದಿತು ಒಂದು ದನಿ.

"ದೆವ್ವದ್ದೇ ಹೇಳ್ತೀನಿ, ಇನ್ನೇನು ಹೇಳಲಿ..." ಎಂದು ಅಜ್ಜಿ ಶುರುಮಾಡಿದರು.

"ನಾನು ನಿಮ್ಮ ವಯಸ್ಸಲ್ಲಿ ಇದೇ ಹಾಲಲ್ಲಿ ಕೂತು ಓದಿದೋಳು ಕಣ್ರೋ. ನಮಗೆ ಸಾಹಿತ್ಯಕ್ಕೆ ಒಬ್ರು ಮೇಷ್ಟ್ರಿದ್ರು, ಗ್ರೀಕ್ ಮೇಷ್ಟ್ರು ಅಂತಲೇ ಹೆಸರು. ತಿಂಗಳ ಸಂಬಳ ಯಾವತ್ತು ಬರುತ್ತೆ ಅಂತ ಆ ಮನುಷ್ಯಂಗೆ ನೆನಪಿರ್ತಿರಲಿಲ್ಲ, ಆದ್ರೆ ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಸಿನ ಒಂದು ಗುಡ್ಡದ ಕಲ್ಲುಮೆಟ್ಟಿಲ ಮೇಲೆ ಯಾರು ಯಾವ ಸಾಲಲ್ಲಿ ಕೂತು ನಾಟಕ ನೋಡಿದ್ರು ಅನ್ನೋದನ್ನ ನಿನ್ನೆ ತಾನೇ ನೋಡ್ಕೊಂಡು ಬಂದೋರ ಹಾಗೆ ಹೇಳೋರು. ಒಂದು ತಿಂಗಳು ಸಮುದ್ರಯಾನದ ಕಾವ್ಯ, ಒಂದು ತಿಂಗಳು ಯಾವ್ದೋ ಹಿಮದ ದೇಶದ ಕಾದಂಬರಿ, ಆಮೇಲೆ ಮತ್ತೆ ತಿರುಗಿ ಅದೇ ಗ್ರೀಕರು... ನಮಗೂ ಹುಚ್ಚು ಹಿಡಿಸಿಬಿಟ್ಟಿದ್ರು ಅನ್ನಿ.

"ಅವರು ಹೇಳಿದ ಒಂದು ಮಾತು ಮಾತ್ರ ನನ್ನ ತಲೇಲಿ ಮೊಳೆ ಹೊಡೆದ ಹಾಗೆ ಕೂತಿದೆ. ಆ ಜನರ ನಾಟಕದಲ್ಲಿ ಸಾವು ಸಾಮಾನ್ಯವಾಗಿ ನೋಡೋರ ಕಣ್ಣೆದುರು ಆಗೋದಿಲ್ವಂತೆ. ಅದೆಲ್ಲ ಒಳಗೆ, ಮುಚ್ಚಿದ ಬಾಗಿಲ ಹಿಂದೆ. ಆಮೇಲೆ ಒಬ್ಬ ದೂತ ಬರ್ತಾನೆ. ಒಳಗೆ ಏನಾಯ್ತು, ಹೇಗಾಯ್ತು ಅಂತ ಬಿಡಿಸಿ ಬಿಡಿಸಿ ಹೇಳ್ತಾನೆ. ಮೇಳದವರು, ಅಂದ್ರೆ ಗುಂಪಾಗಿ ನಿಂತು ಹಾಡೋರು, ಅದನ್ನ ಕೇಳ್ತಾರೆ, ಅಳ್ತಾರೆ, ಅಷ್ಟೇ. ಎದ್ದು ಒಳಗೆ ಹೋಗಿ ನೋಡ್ತಾರಾ? ಇಲ್ಲ. ತಡೀತಾರಾ? ಊಹೂಂ. ಅದು ಅವರ ಕೆಲಸ ಅಲ್ಲ.

"ಇದನ್ನ ನಮಗೆ ಕಲಿಸೋಕೆ ಮೇಷ್ಟ್ರು ಒಂದು ಅಭ್ಯಾಸ ಮಾಡಿಸೋರು. ದಿನಕ್ಕೊಬ್ರು ಹೊರಗೆ ಹೋಗೋದು, ದೂತನ ಮುಖವಾಡ ಹಾಕ್ಕೊಂಡು ಒಳಗೆ ಬರೋದು, ಹೊರಗೆ ಆದ ಒಂದು ಸಾವಿನ ಸುದ್ದಿ ಹೇಳೋದು. ಉಳಿದ ನಾವೆಲ್ಲ ಮೇಳ. ನಿಯಮ ಎರಡೇ. ಒಂದು, ದೂತ ಮೊದಲಿಂದಲೇ ಶುರು ಮಾಡ್ಬೇಕು, ಎಷ್ಟೇ ಅವಸರ ಇದ್ರೂ ಮಧ್ಯದಿಂದ ಹಾರೋ ಹಾಗಿಲ್ಲ, ಕೊನೇದನ್ನ ಮೊದಲೇ ಹೇಳೋ ಹಾಗಿಲ್ಲ. ಇನ್ನೊಂದು... ಮೇಳದವರು ಏಳುವಂತಿಲ್ಲ."

ಮಕ್ಕಳು ಮೇಡಂ ಕಡೆ ತಿರುಗಿದರು. ಇದೇ ನಿಯಮವನ್ನು ಮೇಡಂ ಕೂಡ ಹಾಕಿದ್ದರು.

"ಹೌದು, ಅವರ ಹಳೇ ನೋಟ್‌ಬುಕ್ ಲೈಬ್ರರೀಲಿ ಸಿಕ್ಕಿತ್ತು," ಎಂದು ಮೇಡಂ ಸ್ವಲ್ಪ ಹೆಮ್ಮೆಯಿಂದಲೇ ಒಪ್ಪಿಕೊಂಡರು.

"ಅದನ್ನ ನಾನೇ ಒಲೆಗೆ ಹಾಕ್ಬೇಕಿತ್ತು," ಎಂದರು ಅಜ್ಜಿ. "ಪುಸ್ತಕ ಸುಡೋಕೆ ಕೈ ಬರಲಿಲ್ಲ, ಹಾಳು ಬುದ್ಧಿ.

"ಆಯ್ತು, ಕೇಳಿ. ನನ್ನ ಪಕ್ಕ ಒಬ್ಬಳು ಕೂರ್ತಿದ್ಲು, ನನ್ನ ಜೀವದ ಗೆಳತಿ. ಪಿಸು ಅಂತ ಕರೀತಿದ್ವಿ. ಯಾಕಂದ್ರೆ ಹಾಜರಿ ಕೂಗಿದ್ರೂ ಅವಳ ದನಿ ಮುಂದಿನ ಬೆಂಚಿಗೆ ಮುಟ್ಟುತ್ತಿರಲಿಲ್ಲ. ಅವಳ ಸರದಿ ಬಂದ ದಿನ ಹೀಗೇ ಮಳೆ, ಹೀಗೇ ಹೊತ್ತಿಗೆ ಮುಂಚೆ ಕತ್ತಲೆ. ದೂತನ ನಿಲುವಂಗಿ ತರ್ತೀನಿ ಅಂತ ಎದ್ದು ಹೋದ್ಲು. ಐದು ನಿಮಿಷ ಆಯ್ತು, ಹತ್ತು ಆಯ್ತು... ಹೆದರಿ ಮನೆಗೆ ಓಡಿಹೋದ್ಲು ಅಂತ ಹುಡುಗರು ನಗಾಡಿದ್ರು. ಆಗ ಬಾಗಿಲು ತೆರೀತು. ಮುಖವಾಡ ಒಳಗೆ ಬಂತು.

"ಆ ದನಿ ಕೇಳ್ಬೇಕಿತ್ತು ನೀವು! ಹಾಲಿನ ಕೊನೇ ಗೋಡೆಗೆ ಬಡಿದು ವಾಪಸ್ ಬರೋವಂಥ ದನಿ. 'ಮೇಳದವರೇ, ಈ ರಂಗದ ಕೆಳಗೆ ಬಟ್ಟೆಬರೆ ಇಡುವ ಕೋಣೆಯೊಂದಿದೆ' ಅಂತ ಶುರು ಮಾಡಿದ್ಲು. ಒಬ್ಬ ಹುಡುಗಿ ನಿಲುವಂಗಿ ಹುಡುಕಿಕೊಂಡು ಅಲ್ಲಿಗೆ ಇಳಿದಳು ಅಂದ್ಲು. ಅದು ಬೀರುವಿನ ಮೇಲಿತ್ತು, ಎಳೆದಳು, ಬೀರು ಮಗುಚಿ ಅವಳ ಸೊಂಟದ ಮೇಲೆ ಬಿತ್ತು ಅಂದ್ಲು. ಅಂಗಳದ ಮೋರಿ ಕಟ್ಟಿಕೊಂಡು ನೀರು ಕಿಂಡಿಯಿಂದ ಒಳಗೆ ಬರ್ತಿದೆ, ಬಹಳ ಏನಲ್ಲ, ನಿಂತೋರಿಗೆ ಮೊಣಕಾಲು ಕೂಡ ಮುಟ್ಟಲ್ಲ, ಆದ್ರೆ ಅವಳು ಮಲಗಿದಾಳಲ್ಲ, ಕಿವಿ ಮುಳುಗಿದೆ, ಗಲ್ಲಕ್ಕೆ ಬಂದಿದೆ... ಒಂದೊಂದನ್ನೂ ಹೀಗೆ, ನಿಧಾನವಾಗಿ, ಎಳೆ ಎಳೆಯಾಗಿ. ನಾವೇನು ಮಾಡಿದ್ವಿ? ಅಯ್ಯೋ ಅಂದ್ವಿ. ಮೂರು ಸಲ, ಒಂದೇ ಶ್ರುತೀಲಿ, ಹೇಳಿಕೊಟ್ಟ ಹಾಗೆ.

"ನಾನು ಬಾಗಿಲ ಹತ್ರ ಕೂತಿದ್ದೆ. ಅವಳ ಲಂಗದಿಂದ ನೀರು ತೊಟ್ಟಿಕ್ತಿತ್ತು, ನೋಡಿದೆ. ಅರ್ಧ ಎದ್ದೆ ಕೂಡ. ಮೇಷ್ಟ್ರು ಕಣ್ಣು ಬಿಟ್ರು. ಕೂತ್ಕೊಂಡೆ... ಇನ್ನೇನು ಹೇಳಲಿ, ಕೂತ್ಕೊಂಡುಬಿಟ್ಟೆ. ಮುಗಿದ ಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದೋಳು ನಾನೇ. ನನ್ನ ಪಿಸು ಗೆದ್ದುಬಿಟ್ಲು ಅಂತ ಕಣ್ಣಲ್ಲಿ ನೀರು ಬಂದಿತ್ತು. ಮೇಷ್ಟ್ರು ಜನ್ಮದಲ್ಲಿ ಮೊದಲ ಸಲ ನೂರಕ್ಕೆ ನೂರು ಕೊಟ್ರು. ಮುಖವಾಡ ಬಗ್ಗಿ ನಮಸ್ಕಾರ ಮಾಡಿ ಹೊರಗೆ ಹೋಯ್ತು.

"ಗಂಟೆ ಹೊಡೆದ ಮೇಲೂ ಅವಳು ವಾಪಸ್ ಬರಲಿಲ್ಲ. ಕೆಳಗೆ ಹೋಗಿ ನೋಡಿದ್ರೆ... ಅವಳು ಹೇಳಿದ ಹಾಗೇ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ. ದೂತನ ಮುಖವಾಡ ಎಲ್ಲಿತ್ತು ಗೊತ್ತಾ? ಮೇಷ್ಟ್ರ ಮೇಜಿನ ಡ್ರಾಯರಲ್ಲಿ. ಬೀಗ ಹಾಕಿತ್ತು. ಅವತ್ತು ಅದನ್ನ ಅವರು ಯಾರಿಗೂ ಕೊಟ್ಟೇ ಇರಲಿಲ್ಲ."

ಅಯ್ಯೋ ಎಂದರು ಮಕ್ಕಳು. ಎಲ್ಲರ ಬಾಯಿಂದಲೂ ಒಟ್ಟಿಗೇ ಬಂತು.

"ಹಾಂ, ಹೀಗೇ ಅಂದಿದ್ವಿ ನಾವೂ," ಎಂದರು ಅಜ್ಜಿ. "ಮೊದಲು ನಾನೂ ದೆವ್ವ ಅಂದ್ಕೊಂಡೆ. ಆಮೇಲೆ ಲೆಕ್ಕ ಹಾಕಿದೆ, ಮಕ್ಕಳೇ. ನೀರು ಗಲ್ಲಕ್ಕೆ ಬಂದಿದೆ ಅಂದ್ಲಲ್ಲ... ಹಾಗಂದಾಗ ಮೂಗಿಗೆ ಇನ್ನೂ ಬಂದಿರಲಿಲ್ಲ. ಬಂದು ನಿಂತು ಹೇಳ್ತಿದ್ದಾಗ ಅವಳಿಗೆ ಜೀವ ಇತ್ತು. ಸತ್ತ ಮೇಲೆ ಬಂದೋಳಲ್ಲ ಅವಳು, ಸಾಯೋಕೆ ಮುಂಚೆ ಬಂದೋಳು. ನಾವು ನಾಲ್ಕು ಜನ ಎದ್ದಿದ್ರೆ ಆ ಬೀರು ಎಷ್ಟರದ್ದು?

"ಗ್ರೀಕ್ ಮೇಷ್ಟ್ರು ಆ ವರ್ಷವೇ ಕೆಲಸ ಬಿಟ್ರು. ಎರಡು ಬೀದಿ ಆಚೆ ಒಂದು ಬಾಡಿಗೆ ಕೋಣೆ ಹಿಡಿದು ಒಂಟಿಯಾಗಿ ಇದ್ರು. ನಾನು ಓದು ಮುಗಿಸಿ ಇಲ್ಲೇ ಲೈಬ್ರರಿ ಸೇರಿದೆ. ಇಪ್ಪತ್ತು ವರ್ಷ ಆದ ಮೇಲೆ ಒಂದು ಮಳೆಯ ಬೆಳಿಗ್ಗೆ, ಹೊಸ ಮೇಷ್ಟ್ರು ಈ ಹಾಲಲ್ಲಿ ಗ್ರೀಕ್ ನಾಟಕದ ಪಾಠ ಮಾಡ್ತಿದ್ರು. ನಾನು ನಕಾಶೆ ಕೊಡೋಕೆ ಅಂತ ಬಂದು ಹಿಂದೆ ನಿಂತಿದ್ದೆ. ಬಾಗಿಲು ತೆರೆದು ಮುಖವಾಡ ಒಳಗೆ ಬಂತು. ಯಾರೋ ಹುಡುಗನ ವೇಷ ಅಂತ ಎಲ್ಲರೂ ಸುಮ್ಮನಾದ್ರು. ಅದು ಬಾಯಿ ಬಿಟ್ಟ ತಕ್ಷಣ ನನಗೆ ಗೊತ್ತಾಯ್ತು, ಅದು ನಮ್ಮ ಮೇಷ್ಟ್ರ ದನಿ. ಒಬ್ಬ ಮುದುಕ ಬೆಳಿಗ್ಗೆ ಎದ್ದ, ಸ್ಟೋವ್ ಹಚ್ಚಿದ, ಎದೆ ಹಿಡ್ಕೊಂಡು ಬಿದ್ದ, ಬಾಗಿಲಿಗೆ ಒಳಗಿಂದ ಚಿಲಕ ಇದೆ...

"ಆಗ ನಾನು ಓಡ್ಬೇಕಿತ್ತೋ ಬೇಡ್ವೋ? ಅಷ್ಟು ಕಂಡೋಳು, ಅಷ್ಟು ಸುಟ್ಕೊಂಡೋಳು, ಏನು ಮಾಡಿದೆ ಗೊತ್ತಾ? ಕೊನೇವರೆಗೂ ನಿಂತು ಕೇಳಿದೆ. ಎಷ್ಟು ಚೆನ್ನಾಗಿ ಹೇಳ್ತಿದ್ರು ಕಣ್ರೋ! ಕತೆ ಚೆನ್ನಾಗಿದ್ರೆ ಎದ್ದು ಹೋಗೋಕೆ ಕಾಲೇ ಬರಲ್ಲ. ಮುಗೀಲಿ, ಮುಗೀಲಿ ಅಂತ ನಿಂತೆ, ಆಮೇಲೆ ಓಡಿದೆ. ಬಾಗಿಲು ಒಡೆದಾಗ ಮೈ ಇನ್ನೂ ಬೆಚ್ಚಗಿತ್ತು. ಹತ್ತು ನಿಮಿಷ ಮೊದಲು ಬಂದಿದ್ರೆ ಆಗ್ತಿತ್ತು ಅಂದ್ರು ಡಾಕ್ಟರು. ಹತ್ತೇ ನಿಮಿಷ."

ಹೊರಗೆ ಮಳೆಯ ಸದ್ದು ಜಾಸ್ತಿಯಾಯಿತು. ಕನ್ನಡಕಳಿಗೆ ಕೈ ಜೋಮು ಹಿಡಿದಿತ್ತು. ಆದರೂ ಅವಳು ಅಲ್ಲಾಡಲಿಲ್ಲ.

"ಇನ್ನು ಮೂರನೇದು," ಎಂದರು ಅಜ್ಜಿ. ಅವರ ದನಿ ಈಗ ಸ್ವಲ್ಪ ಆತುರದಲ್ಲಿತ್ತು. "ಒಬ್ಬಳು ಮುದುಕಿ. ನಾಳೆ ಪಾಠಕ್ಕೆ ಒಂದು ಹಳೇ ನಾಟಕದ ಪುಸ್ತಕ ಬೇಕು ಅಂತ ಮೇಡಂ ಕೇಳಿದ್ರು. ಪುಸ್ತಕ ಕಪಾಟಿನ ಮೇಲಿನ ಅರೆಯಲ್ಲಿತ್ತು. ಜವಾನ ಮನೆಗೆ ಹೋಗಿದ್ದ. ನಾಳೆ ಬೆಳಿಗ್ಗೆ ತೆಗೆದ್ರಾಗಿತ್ತು, ಆದ್ರೆ ಮುದುಕಿಗೆ ಹಟ. ಏಣಿ ಹಾಕಿದ್ಲು. ಏಳು ಮೆಟ್ಟಿಲು ಹತ್ತಿದ್ಲು. ಪುಸ್ತಕ ಕೈಗೆ ಸಿಕ್ತು... ಏಣಿ ಜಾರ್ತು. ಕಪಾಟುಗಳ ಸಂದೀಲಿ ಬಿದ್ದಿದಾಳೆ, ಎಡಗಾಲು ಮೈ ಕೆಳಗೆ ಮಡಚಿಕೊಂಡಿದೆ, ತಲೆ ಹಿಂದೆ ಬಿಸಿ ಬಿಸಿಯಾಗಿ ಏನೋ ಹರೀತಿದೆ. ಕೂಗೋಕೆ ದನಿ ಇಲ್ಲ. ಕೆಳಗೆ ಮಕ್ಕಳ ನಗು ಕೇಳಿಸ್ತಿದೆ. ಮಳೆ ನಿಂತ ತಕ್ಷಣ ಅವರೆಲ್ಲ ಮನೆಗೆ ಹೊರಡ್ತಾರೆ, ಕಾವಲಿನವನು ಬೀಗ ಹಾಕ್ತಾನೆ..."

ಅಜ್ಜಿ ಮಾತು ನಿಲ್ಲಿಸಿದರು.

ಮೊದಲು ಚಪ್ಪಾಳೆ ತಟ್ಟಿದ್ದು ಮೇಡಂ. "ಅಬ್ಬಾ! ನೋಡಿದ್ರಾ, ದೂತ ಅಂದ್ರೆ ಹೀಗೆ ಹೇಳ್ಬೇಕು!" ಎಂದರು. ಮಕ್ಕಳೆಲ್ಲ ಸೇರಿಕೊಂಡರು. ಒಬ್ಬ ಶಿಳ್ಳೆ ಹಾಕಿದ. ಅಜ್ಜಿ ನಗಲಿಲ್ಲ, ಬೈಯಲೂ ಇಲ್ಲ. ಒಂದೊಂದೇ ಮುಖವನ್ನು ನೋಡುತ್ತಾ ಬಂದು ಕನ್ನಡಕಳ ಮೇಲೆ ಕಣ್ಣು ನಿಲ್ಲಿಸಿದರು. ಇಷ್ಟು ಹೊತ್ತಿನಲ್ಲಿ ಅಜ್ಜಿ ಒಂದು ಸಲವೂ ಕೆಮ್ಮಿರಲಿಲ್ಲ, ಮಂಡಿ ನೀವಿಕೊಂಡಿರಲಿಲ್ಲ. ಅದು ಅವಳಿಗೆ ಈಗ ಹೊಳೆಯಿತು.

ಅವಳು ಎದ್ದಳು.

"ಎಲ್ಲಿಗೆ? ಕೂತ್ಕೋ," ಎಂದರು ಮೇಡಂ, ಚಪ್ಪಾಳೆ ನಿಲ್ಲಿಸದೆ. "ಪಾತ್ರ ಬೇಡ್ವಾ ನಿಂಗೆ?"

ಬೇಕಿತ್ತು, ಬಹಳ ಬೇಕಿತ್ತು. ಆದರೂ ಅವಳು ಕುರ್ಚಿಗಳನ್ನು ತಳ್ಳಿಕೊಂಡು ಬಾಗಿಲಿನತ್ತ ನುಗ್ಗಿದಳು. ಅಜ್ಜಿಯ ಕುರ್ಚಿಯ ಪಕ್ಕ ಹಾಯುವಾಗ ಆ ಮುದಿ ದನಿ ಅವಳೊಬ್ಬಳಿಗೇ ಕೇಳುವ ಹಾಗೆ ಹೇಳಿತು:

"ಬೇಗ ಹತ್ತು, ಮಗಳೇ... ಇನ್ನೂ ಉಸಿರಾಡ್ತಾ ಇದ್ದೀನಿ."