ಅಪ್ಪನ ಪಾಲಿನ ಎರಡು ಸಂಡಿಗೆ

ಪರೀಕ್ಷೆ ಮುಗಿದ ದಿನ ಮಕ್ಕಳ ಮುಖ ನೋಡಬೇಕು, ಶಾಲೆ ಶುರುವಾಗುವ ದಿನ ತಾಯಂದಿರ ಮುಖ ನೋಡಬೇಕು. ಎರಡರಲ್ಲೂ ಒಂದೇ ಕಳೆ! ನಗಬೇಡಿ ತಾಯಿ, ನಿಮ್ಮನ್ನೇ ಹೇಳುತ್ತಿರುವುದು. ಯುಗಾದಿಯ ಬೇವುಬೆಲ್ಲದ ರುಚಿ ಇನ್ನೂ ನಾಲಿಗೆಯ ಮೇಲಿದೆ, ರಜೆ ಕೊಟ್ಟು ಹತ್ತು ದಿನ ತುಂಬಿಲ್ಲ, ನಿನ್ನೆ ಪ್ರವಚನ ಮುಗಿದ ಮೇಲೆ ಒಬ್ಬ ತಾಯಿ ನನಗೆ ನಮಸ್ಕಾರ ಮಾಡಿ ಕೇಳಿದರು, "ಅಜ್ಜಾರ, ಸಾಲಿ ಮತ್ತ ಯಾವಾಗ ಚಾಲೂ ಆಕ್ಕೈತ್ರಿ?" ಮೋಕ್ಷ ಯಾವಾಗ ಅಂತ ಕೇಳಲಿಲ್ಲ, ನೋಡಿ. ಸಾಲಿ ಯಾವಾಗ ಅಂತ ಕೇಳಿದರು. ನಾಳೆ ಬನ್ನಿ, ಒಂದು ಕಥೆ ಹೇಳುತ್ತೇನೆ ಎಂದೆ. ಬಂದಿದ್ದಾರೆ, ಆ ಕಂಬದ ಪಕ್ಕದಲ್ಲಿ ಕೂತಿದ್ದಾರೆ. ಕೇಳಿ ತಾಯಿ. ನಿಮ್ಮ ಯಜಮಾನರನ್ನೂ ಕರೆತಂದಿದ್ದರೆ ಇನ್ನೂ ಒಳ್ಳೆಯದು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ಅಂಗಡಿಯ ಸಾಹುಕಾರ ಇದ್ದ. ಯಾವ ಪೇಟೆ ಅಂತ ಕೇಳಬೇಡಿ, ಹೆಸರು ಹೇಳಿದರೆ ನಾಳೆ ಬೆಳಿಗ್ಗೆ ಅವನ ಮನೆ ಹುಡುಕಿಕೊಂಡು ಹೋಗುವ ಜನ ನೀವು. ಒಳ್ಳೆಯ ಮನುಷ್ಯ. ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ, ತೂಕದಲ್ಲಿ ಮೋಸ ಮಾಡುವವನಲ್ಲ. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಮೂರು ಮಕ್ಕಳು. ದೊಡ್ಡವಳಿಗೆ ಹತ್ತು ವರ್ಷ, ನಡುವಿನ ಗಂಡು ಮಗನಿಗೆ ಎಂಟು, ಕಿರಿಯವಳಿಗೆ ನಾಲ್ಕೂವರೆ. ಆ ಕಿರಿಯವಳನ್ನು ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತಿದ್ದರು. ಚೈತ್ರ ವೈಶಾಖ ಅಂದರೆ ಮದುವೆಯ ಕಾಲ ತಾನೆ? ಅಂಗಡಿಯಲ್ಲಿ ಕೊಪ್ಪರಿಗೆ, ಬಿಂದಿಗೆ, ತಟ್ಟೆಗಳದೇ ಸದ್ದು. ಸಾಹುಕಾರನಿಗೆ ಉಸಿರು ಬಿಡಲೂ ಪುರಸೊತ್ತಿಲ್ಲ.

ಇತ್ತ ಮನೆಯಲ್ಲಿ ರಜೆ. ರಜೆ ಅಂದಮೇಲೆ ಆ ಮನೆಯಲ್ಲಿ ಅಜ್ಜಿಯ ಸಂಡಿಗೆ. ಅಜ್ಜಿ ನಸುಕಿನಲ್ಲೇ ಎದ್ದು ಅಕ್ಕಿ ಹಿಟ್ಟು ಕುದಿಸಿ, ಜೀರಿಗೆ ಹಾಕಿ, ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ, ಸೌಟಿನಿಂದ ಸಾಲುಸಾಲಾಗಿ ಸಂಡಿಗೆ ಇಡುತ್ತಿದ್ದಳು. ಕಾವಲಿಗೆ ಮೂರು ಮೊಮ್ಮಕ್ಕಳು. ಕಾವಲಿಗೆ ಕೂಲಿ ಏನು ಗೊತ್ತೇ? ತಲೆಗೆ ಎರಡು ಅರೆ ಒಣಗಿದ ಸಂಡಿಗೆ. ಮೇಲೆ ಬಿಸಿಲಿಗೆ ಗರಿಗರಿ, ಒಳಗೆ ಇನ್ನೂ ಮೆತ್ತಗೆ. ಎಣ್ಣೆಯಲ್ಲಿ ಕರಿದ ಸಂಡಿಗೆಗೆ ಆ ರುಚಿ ಇಲ್ಲ. ನೋಡಿ, ನೋಡಿ, ಈಗಲೇ ಎಷ್ಟು ಜನ ನಾಲಿಗೆ ಚಪ್ಪರಿಸಿದಿರಿ!

ಗುಬ್ಬಿ ಪ್ರತಿದಿನ ಬೆಳಿಗ್ಗೆ ಅಪ್ಪ ಚಪ್ಪಲಿ ಮೆಟ್ಟುವಾಗ ಕೇಳುತ್ತಿದ್ದಳು, "ಅಪ್ಪಾ, ಮಾಳಗಿ ಮ್ಯಾಲೆ ಬರ್ತೀ? ಸಂಡಿಗಿ ಕಾಯೂಣು."

ಸಾಹುಕಾರ ಕಿವಿಯಿಂದ ಫೋನು ತೆಗೆಯದೆ ಹೇಳುತ್ತಿದ್ದ, "ಐದ್ ನಿಮಿಷ ಅವ್ವಿ, ಬಂದ್ ಬಿಟ್ಟೆ."

ಹೇಳಿ ಹೋಗುತ್ತಿದ್ದ. ಆ ಐದು ನಿಮಿಷ ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಪಾಪ. ದೊಡ್ಡವರ ಬಾಯಲ್ಲಿ ಐದು ನಿಮಿಷ ಅಂದರೆ ಏನೂ ಅಲ್ಲ ಎಂದು ಅವನಿಗೆ ಗೊತ್ತು, ನಿಮಗೆ ಗೊತ್ತು, ನನಗೂ ಗೊತ್ತು. ನಾಲ್ಕೂವರೆ ವರ್ಷದ ಮಗುವಿಗೆ ಗೊತ್ತೇ?

ಹೀಗಿರುವಾಗ ಒಂದು ಸಂಜೆ ಅಜ್ಜಿ ಮಗನ ಮುಂದೆ ದೂರು ತಂದಳು. "ದಿನಾ ನನ್ನ ಸಂಡಿಗಿ ಎರಡು ಕಮ್ಮಿ ಬರಾಕತ್ತಾವ. ಹುಡುಗರ ಪಾಲಿನ ಆರು ಬಿಟ್ಟು ಎಣಿಸೇನಿ ನಾ. ಎರಡು ಇಲ್ಲ."

"ಕಾಗಿ ಒಯ್ದಿರಬೇಕಲ್ಲವ್ವ."

"ಕಾಗಿ ಒಯ್ದ್ರ ಪಂಚೆ ಕೆದರಿರತಿತ್ತು. ಸಾಲಿನ್ಯಾಗಿಂದ ನೀಟಾಗಿ ಎತ್ಯಾರ. ಇದು ಕೈಯ ಕೆಲಸ, ಕೊಕ್ಕಿನ ಕೆಲಸ ಅಲ್ಲ."

ಮುದುಕಿಯ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಎರಡು ಸಂಡಿಗೆ, ಅದೇನು ದೊಡ್ಡ ಮಾತು? ಆದರೆ ಸಾಹುಕಾರ ಅಂಗಡಿಯಿಂದ ದಣಿದು ಬಂದಿದ್ದ. ಕದಿಯುವ ಚಾಳಿ ಮನೆಯಲ್ಲೇ ಶುರುವಾಯಿತೇ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ಮೂವರನ್ನೂ ಸಾಲಾಗಿ ನಿಲ್ಲಿಸಿದ.

"ಯಾರು ತಿಂದ್ರಿ? ಖರೇ ಹೇಳ್ರಿ."

"ನಾ ತಿಂದಿಲ್ಲ," ಅಂದಳು ದೊಡ್ಡವಳು. "ನನ್ನ ಆಣಿಗೂ ನಾ ಅಲ್ಲ," ಅಂದ ಹುಡುಗ. ಗುಬ್ಬಿ ಮಾತ್ರ ಹೆದರಲಿಲ್ಲ. ಬೆರಳು ಚಾಚಿ ಅಪ್ಪನ ಹೊಟ್ಟೆಯನ್ನೇ ತೋರಿಸಿ ಹೇಳಿದಳು, "ನೀನ ತಿಂದಿ!"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗಬಾರದಿತ್ತು. ಸಾಹುಕಾರನ ಮುಖ ಕೆಂಪಾಯಿತು. ಕದ್ದದ್ದಲ್ಲದೆ ಎದುರುತ್ತರ ಬೇರೆ! ಪಕ್ಕದ ಜಿಲ್ಲೆಯಲ್ಲಿ ಒಂದು ಬೇಸಿಗೆ ಶಿಬಿರ ನಡೆಯುತ್ತಿತ್ತು. ಅಲ್ಲೇ ಉಳಿಯಬೇಕು, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಡಿಸುತ್ತಾರೆ, ಇಪ್ಪತ್ತೆಂಟು ದಿನ ಮನೆಯ ಮುಖ ನೋಡುವಂತಿಲ್ಲ. ಅದರ ಅರ್ಜಿ ಆಗಲೇ ಫ್ರಿಜ್ಜಿನ ಮೇಲೆ ಕೂತಿತ್ತು. "ಶನಿವಾರದೊಳಗ ಕಳ್ಳ ಸಿಗಲಿಲ್ಲಂದ್ರ ಮೂರೂ ಮಂದಿ ಶಿಬಿರಕ್ಕ!" ಎಂದ.

"ಕಳಿಸೂದಾದ್ರ ನನ್ನನ್ನೂ ಕಳಿಸ್ರಿ, ನಾನರ ಸ್ವಲ್ಪ ಆರಾಮ ಇರತೇನಿ," ಅಂದಳು ಹೆಂಡತಿ. ಬಾಯಲ್ಲಿ ಹಾಗೆ ಅಂದಳು. ಆದರೆ ಅಂದು ಅವಳು ಗುಬ್ಬಿಯನ್ನು ಎದೆಗೆ ಒತ್ತಿಕೊಂಡೇ ಮಲಗಿದಳು. ಆ ಮಗು ತಾಯಿಯನ್ನು ಬಿಟ್ಟು ಒಂದು ದಿನವೂ ಇದ್ದದ್ದಿಲ್ಲ.

ಮರುದಿನ ಸಾಹುಕಾರ ಏನು ಮಾಡಿದ? ಅಂಗಡಿಯಲ್ಲಿ ಎಂಟು ಕ್ಯಾಮೆರಾ ಇದ್ದವು. ಒಂಬತ್ತನೆಯದನ್ನು ತರಿಸಿ ಮಾಳಿಗೆಯ ನೀರಿನ ಟ್ಯಾಂಕಿಗೆ ಕಟ್ಟಿಸಿದ. ಎರಡು ಸಂಡಿಗೆಗೆ ಒಂದು ಕ್ಯಾಮೆರಾ! ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಅಂದರೆ ಇದೇ. ಮಕ್ಕಳಿಗೆ ಮಾತ್ರ, ಇದು ಕಾಗೆ ಓಡಿಸುವ ಯಂತ್ರ ಎಂದು ಹೇಳಿದ. ಯಂತ್ರ ಕಟ್ಟಿದ ಹತ್ತು ನಿಮಿಷಕ್ಕೇ ಒಂದು ಕಾಗೆ ಬಂದು ಅದರ ಮೇಲೇ ಕೂತುಕೊಂಡಿತು.

ಶುಕ್ರವಾರ ಮಧ್ಯಾಹ್ನ. ಮದುವೆಯ ಜವಳಿ ಮುಗಿಸಿ ಬಂದ ಒಬ್ಬ ಹಿರಿಯರು ಅಂಗಡಿಯಲ್ಲಿ ಕೊಪ್ಪರಿಗೆಯನ್ನು ಬಾರಿಸಿ ಬಾರಿಸಿ ನೋಡುತ್ತಿದ್ದರು. ಸಾಹುಕಾರ ಹಣದ ಗಲ್ಲೆಯ ಹಿಂದೆ ಕೂತು ಫೋನು ತೆರೆದ. ಮಾಳಿಗೆ ಕಾಣಿಸಿತು, ಮಾತೂ ಕೇಳಿಸಿತು. ಮಕ್ಕಳು ಆಡುತ್ತಿದ್ದರು. ಒಬ್ಬರು ಕಾಗೆ, ಉಳಿದಿಬ್ಬರು ಕಾವಲು. ಕಾಗೆ ಯಾರನ್ನು ಮುಟ್ಟಿತೋ ಅವರು ಔಟ್. ಹುಡುಗ ಕಾಗೆಯಾಗಿ ರೆಕ್ಕೆ ಬಡಿಯುತ್ತಾ ಬಂದು ಅಕ್ಕನನ್ನು ಮುಟ್ಟಿದ.

"ಔಟ್! ಔಟ್! ನೀ ಅಪ್ಪ ಆಗಬೇಕು!"

ಸಾಹುಕಾರ ಕಿವಿ ನಿಮಿರಿಸಿದ. ದೊಡ್ಡವಳು ಮುಖ ಸಣ್ಣದು ಮಾಡಿಕೊಂಡು ಟ್ಯಾಂಕಿನ ನೆರಳಿಗೆ ಹೋದಳು. ಅಲ್ಲೊಂದು ಬಕೆಟ್ ಬೋರಲು ಹಾಕಿತ್ತು. ಅದರ ಮೇಲೆ ಕೂತು, ಒಂದು ಇಟ್ಟಿಗೆ ಚೂರನ್ನು ಕಿವಿಗೆ ಹಿಡಿದಳು. ಹೊಟ್ಟೆ ಮುಂದಕ್ಕೆ ದೂಡಿ, ಅದರ ಮೇಲೊಂದು ಕೈ ಇಟ್ಟು, ಗಂಟಲು ಕೆರೆದು, "ಹಾಂ... ಹಾಂ ಹಾಂ... ಕಳಿಸ್ರಿ, ನೋಡೂಣು," ಎಂದಳು. ಗುಬ್ಬಿ ಎದುರು ಬಂದು ಕೇಳಿದಳು, "ಅಪ್ಪಾ, ಆಡಾಕ ಬರ್ತೀ?" "ಐದ್ ನಿಮಿಷ ಅವ್ವಿ." ಹುಡುಗ ಬಂದ. "ಅಪ್ಪಾ, ಮಾಳಗಿಗೆ ಬೆಂಕಿ ಬಿದ್ದೈತಿ!" "ಐದ್ ನಿಮಿಷ!" ಮೂವರೂ ಬಿದ್ದು ಬಿದ್ದು ನಕ್ಕರು.

ನೋಡಿ, ಮೊದಲು ಸಾಹುಕಾರನೂ ನಕ್ಕ. ಯಾರ ಅಪ್ಪನನ್ನೋ ಎಷ್ಟು ಚೆನ್ನಾಗಿ ಅಣಕಿಸುತ್ತಾಳೆ ನನ್ನ ಮಗಳು ಎಂದುಕೊಂಡ. ಯಾರಿದು ಎಂದು ಯೋಚಿಸಿದ. ಆಮೇಲೆ ತನ್ನ ಕೈ ನೋಡಿಕೊಂಡ. ಅದು ಹೊಟ್ಟೆಯ ಮೇಲಿತ್ತು. ನಗು ನಿಂತಿತು.

ಮುಂದಿನ ಸರದಿಯಲ್ಲಿ ಹುಡುಗ ಔಟಾದ. ಅವನು ಅಳುಮುಖ ಮಾಡಿದ. "ನಾ ಅಪ್ಪ ಆಗಂಗಿಲ್ಲ! ನಿನ್ನೇನೂ ನಾನ ಅಪ್ಪ ಆಗಿದ್ದೆ. ಅಪ್ಪಗ ಆಟಾನ ಇರೂದಿಲ್ಲ!"

ಕೇಳಿದಿರಾ? ಒಂದೊಂದು ಆಟದಲ್ಲಿ ಸೋತವನು ಕಳ್ಳನಾಗುತ್ತಾನೆ, ಕತ್ತೆಯಾಗುತ್ತಾನೆ. ಆ ಮನೆಯ ಆಟದಲ್ಲಿ ಸೋತವನು ಅಪ್ಪನಾಗುತ್ತಿದ್ದ.

ಅಷ್ಟರಲ್ಲಿ ಗುಬ್ಬಿ ಪಂಚೆಯ ಬಳಿ ಕುಕ್ಕರುಗಾಲಲ್ಲಿ ಕೂತಳು. ಕೊನೆಯ ಸಾಲಿನಿಂದ ಎರಡು ಸಂಡಿಗೆಯನ್ನು ಹರಿಯದಂತೆ ಮೆಲ್ಲಗೆ ಎಬ್ಬಿಸಿದಳು. ಸಾಹುಕಾರ ಫೋನನ್ನು ಕಣ್ಣಿನ ಹತ್ತಿರ ತಂದ. ಸಿಕ್ಕಳು ಕಳ್ಳಿ! ಆದರೆ ಆ ಕಳ್ಳಿ ಸಂಡಿಗೆಯನ್ನು ಬಾಯಿಗೆ ಹಾಕಲಿಲ್ಲ. ಒಂದು ಬಾದಾಮಿ ಎಲೆಯ ಮೇಲಿಟ್ಟು, ಎಲೆಯನ್ನು ಮೆಟ್ಟಿಲ ಪಕ್ಕದ ಗಿಡ್ಡ ಗೋಡೆಯ ಮೇಲೆ ಇಟ್ಟಳು. ಬಗ್ಗಿ, ಮೆಟ್ಟಿಲ ಕೆಳಗೆ ಕೂಗಿದಳು, "ಅಪ್ಪಾ, ನಿಂದು ಇಟ್ಟೇನಿ ನೋಡು!" ಕೂಗಿ ಆಟಕ್ಕೆ ಓಡಿದಳು.

ಕ್ಯಾಮೆರಾದ ಮೇಲಿದ್ದ ಕಾಗೆ ಕೆಳಗಿಳಿಯಿತು. ಅವಸರವಿಲ್ಲ, ಅಂಜಿಕೆಯಿಲ್ಲ. ದಿನವೂ ಬಂದು ಉಣ್ಣುವ ಬೀಗರ ಠೀವಿ. ಎರಡನ್ನೂ ಎತ್ತಿಕೊಂಡು ಹಾರಿತು. ಗುಬ್ಬಿ ತಿರುಗಿ ಬಂದಳು, ಖಾಲಿ ಎಲೆ ನೋಡಿದಳು, ಚಪ್ಪಾಳೆ ತಟ್ಟಿ ಕುಣಿದಳು.

"ಅಕ್ಕಾ! ಅಪ್ಪ ಬಂದು ತಿಂದು ಹೋದ!"

ಮಗು ಸುಳ್ಳು ಹೇಳಿರಲಿಲ್ಲ. ನೀನೇ ತಿಂದಿ ಅಂದದ್ದು ಅವಳ ಪಾಲಿಗೆ ಸತ್ಯ. ಅಪ್ಪ ಐದು ನಿಮಿಷದಲ್ಲಿ ಬರುತ್ತೇನೆ ಅಂದಿದ್ದಾನೆ, ಇಟ್ಟದ್ದು ಖಾಲಿಯಾಗಿದೆ, ಅಂದರೆ ಅಪ್ಪ ಬಂದಿದ್ದ. ಇಷ್ಟೇ ಲೆಕ್ಕ. ಅಜ್ಜಿ ಹೇಳಿದಳಲ್ಲ, ಕೈಯ ಕೆಲಸ ಅಂತ? ಎತ್ತಿದ್ದು ಕೈಯೇ. ತಿಂದದ್ದು ಮಾತ್ರ ಕೊಕ್ಕು. ನಾವು ಮಕ್ಕಳನ್ನು ಯಾರು ತಿಂದಿರಿ ಅಂತ ಗದರಿಸುತ್ತೇವೆ. ಯಾರಿಗೆ ಎತ್ತಿಟ್ಟಿದ್ದೆ ಅಂತ ಒಂದು ದಿನವಾದರೂ ಕೇಳಿದ್ದೇವೆಯೇ?

ಸಾಹುಕಾರನಿಗೆ ಆಗ ಏನು ನೆನಪಾಯಿತು ಹೇಳಲೇ? ಮೂರು ವರ್ಷದ ಹಿಂದೆ ಅವನ ತಂದೆ ತೀರಿಕೊಂಡಾಗ ಇದೇ ಮಾಳಿಗೆಯ ಇದೇ ಗೋಡೆಯ ಮೇಲೆ ಎಡೆ ಇಟ್ಟು, ಕಾಗೆ ಬಂದು ಮುಟ್ಟಲಿ ಎಂದು ಕೈಮುಗಿದು ನಿಂತಿದ್ದ. ಬಿಸಿಲಿನಲ್ಲಿ, ಬರಿಗಾಲಲ್ಲಿ, ಒಂದು ತಾಸು. ಸತ್ತ ಅಪ್ಪನ ಹೆಸರಿನ ಕಾಗೆಗೆ ಒಂದು ತಾಸು ಸಿಕ್ಕಿತ್ತು. ಬದುಕಿರುವ ಮಕ್ಕಳಿಗೆ ಐದು ನಿಮಿಷ ಸಿಕ್ಕಿರಲಿಲ್ಲ. ಈಗ ತಾನು ಗಟ್ಟಿಮುಟ್ಟಾಗಿ ಕೂತಿರುವಾಗಲೇ ತನ್ನ ಪಾಲಿನ ಎಡೆ ಕಾಗೆಗೆ ಹೋಗುತ್ತಿದೆ. ಅವನ ಕಣ್ಣು ಮಂಜಾದವು.

"ಸಾಹುಕಾರ್ರ, ಈ ಕೊಪ್ಪರಿಗಿ ರೇಟು ಕಡೀ ಮಾತು ಹೇಳ್ರಿ," ಅಂದರು ಆ ಹಿರಿಯರು.

"ಐದ್ ನಿಮಿ..." ಅಂದ ಸಾಹುಕಾರ. ಅಂದು, ಆ ಮಾತನ್ನು ಅರ್ಧಕ್ಕೇ ನುಂಗಿದ. "ಗುಮಾಸ್ತ ಹೇಳ್ತಾನ್ರಿ ಯಜಮಾನ್ರ, ನನಗ ಮನ್ಯಾಗ ಊಟಕ್ಕ ಕರದಾರ," ಎಂದವನೇ ಎದ್ದ. ಫೋನು ಗಲ್ಲೆಯ ಮೇಲೇ ಉಳಿಯಿತು.

ಮಾಳಿಗೆಯ ಬಾಗಿಲಲ್ಲಿ ಅಪ್ಪನನ್ನು ಕಂಡಾಗ ದೊಡ್ಡವರಿಬ್ಬರ ಜೀವ ಬಾಯಿಗೆ ಬಂತು. ಇಟ್ಟಿಗೆ ಚೂರು ಹುಡುಗನ ಕೈಯಲ್ಲೇ ಇತ್ತು. ಮುಗಿಯಿತು, ಶಿಬಿರವೇ ಗತಿ! ಗುಬ್ಬಿಗೆ ಮಾತ್ರ ಆಶ್ಚರ್ಯ.

"ಮತ್ತ ಬಂದ್ಯಾ? ಈಗಷ್ಟ ತಿಂದು ಹೋದೆಲ್ಲ!"

ಸಾಹುಕಾರ ಸುಡುವ ನೆಲದ ಮೇಲೆ ಒಂದು ಕಾಲು ಬಿಟ್ಟು ಒಂದು ಕಾಲು ಎತ್ತುತ್ತಾ ಹೇಳಿದ, "ಹೊಟ್ಟಿ ತುಂಬಲಿಲ್ಲವ್ವಾ. ಇನ್ನೆರಡು ಕೊಡ್ತೀ?"

ಕೊಟ್ಟಳು. ಬಾಯಲ್ಲಿ ಇಟ್ಟುಕೊಂಡ. ಹೊರಗೆ ಗರಿ, ಒಳಗೆ ಮೆತ್ತಗೆ, ಜೀರಿಗೆಯ ಘಮ. ಎಷ್ಟು ವರ್ಷವಾಗಿತ್ತೋ ಅವನು ಅದನ್ನು ತಿಂದು! ಸರಿಯಾಗಿ ಅದೇ ಹೊತ್ತಿಗೆ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಬಾಯಿತುಂಬ ಸಂಡಿಗೆ ತುಂಬಿಕೊಂಡ ನಲವತ್ತು ವರ್ಷದ ಮಗನನ್ನು ಕಂಡಳು.

"ಆಹಾ, ಕಳ್ಳ ಸಿಕ್ಕ! ಇವನ್ನ ಕಳಿಸೂಣು ಶಿಬಿರಕ್ಕ!"

ಆಮೇಲೆ ಏನಾಯಿತು ಅಂದರೆ, ಸಾಹುಕಾರ ಕಾಗೆಯಾದ. ಉಟ್ಟ ಪಂಚೆ ಮೇಲೆತ್ತಿ ಕಟ್ಟಿ, ಎರಡೂ ಕೈ ಬಡಿಯುತ್ತಾ "ಕಾ ಕಾ" ಎಂದು ಮಾಳಿಗೆ ತುಂಬ ಓಡಾಡಿದ. ಕ್ಯಾಮೆರಾ ಇರುವುದು ಮರೆತೇ ಹೋಗಿತ್ತು. ಅಲ್ಲಿ ಅಂಗಡಿಯಲ್ಲಿ ಗಲ್ಲೆಯ ಮೇಲೆ ಫೋನು ತೆರೆದೇ ಇತ್ತು. ಗುಮಾಸ್ತ ನೋಡಿದ, ಹಿರಿಯರು ನೋಡಿದರು, ಅವರ ಜೊತೆ ಬಂದ ಬೀಗರೂ ನೋಡಿದರು. ಮನೆಯಲ್ಲಿ ಮಕ್ಕಳ ಜೊತೆ ಹೀಗೆ ಕುಣಿಯುವವನು ಪಾತ್ರೆಯಲ್ಲಿ ಮೋಸ ಮಾಡಲಾರ ಎಂದು ಕೊಪ್ಪರಿಗೆಯನ್ನು ಅಲ್ಲೇ ಖರೀದಿ ಮಾಡಿದರಂತೆ. ಶಿಬಿರದ ಅರ್ಜಿಯ ಮೇಲೆ ಅಜ್ಜಿ ಮರುದಿನ ಉಪ್ಪಿನಕಾಯಿಯ ಮೆಣಸಿನಕಾಯಿ ಒಣಗಿಸಿದಳು. ಆಟದ ನಿಯಮವೂ ಬದಲಾಯಿತು. ಈಗ ಅಲ್ಲಿ ಔಟಾದವರು ಪ್ರವಚನದ ಅಜ್ಜಾರಾಗಬೇಕಂತೆ. ಬಕೆಟ್ ಮೇಲೆ ಕೂತು "ನೋಡಿ, ನೋಡಿ" ಅನ್ನುತ್ತಲೇ ಇರಬೇಕಂತೆ. ಆಗಲಿ, ನನಗೇನೂ ಬೇಸರವಿಲ್ಲ.

ಇಷ್ಟು ಹೊತ್ತು ನಕ್ಕಿರಿ. ಈಗ ಹೇಳಿ, ಆ ಸಾಹುಕಾರ ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾಲ್ಕನೆಯ ಸಾಲಿನಲ್ಲಿ ಒಬ್ಬರು ಈಗ ತಾನೇ ಫೋನನ್ನು ಜೇಬಿಗೆ ಇಳಿಸಿದರು, ನಾನು ನೋಡಲಿಲ್ಲ ಅಂದುಕೊಳ್ಳಿ. ಮಕ್ಕಳು ನಮಗಾಗಿ ದಿನವೂ ಏನನ್ನೋ ಎತ್ತಿಡುತ್ತಾರೆ, ಸ್ವಾಮಿ. ಒಂದು ಪ್ರಶ್ನೆ, ಒಂದು ಗೀಚಿದ ಚಿತ್ರ, ಬೆಲ್ಲದಂಥ ಒಂದು ಮಾತು. ನಾವು ಹೋಗಿ ಎತ್ತಿಕೊಳ್ಳುವುದಿಲ್ಲ. ಅವರು ಮಾತ್ರ ಅಪ್ಪ ಬಂದಿದ್ದ ಎಂದು ನಂಬಿಕೊಂಡು ಮರುದಿನ ಮತ್ತೆ ಇಡುತ್ತಾರೆ. ಎಷ್ಟು ದಿನ ಇಟ್ಟಾರು? ಹತ್ತು ವರ್ಷದ ದೊಡ್ಡವಳು ಇಡುವುದನ್ನು ಆಗಲೇ ನಿಲ್ಲಿಸಿದ್ದಳು, ಗಮನಿಸಿದಿರಾ? ಅವಳು ಅಣಕಿಸುವುದನ್ನು ಕಲಿತಿದ್ದಳು.

ಹಾಗಾದರೆ ಏನು ಮಾಡಬೇಕು? ಶಾಲೆ ಯಾವಾಗ ಶುರು ಎಂದು ದಿನ ಎಣಿಸುವುದನ್ನು ಬಿಡಿ. ಇವತ್ತು ಮನೆಗೆ ಹೋದಾಗ ಚಪ್ಪಲಿ ಬಿಡುವ ಜಾಗದಲ್ಲೇ ಫೋನನ್ನೂ ಬಿಡಿ. ಬರಲು ಆಗದಿದ್ದರೆ, ಆಗುವುದಿಲ್ಲ ಮಗಾ, ಸಂಜೆ ಬರುತ್ತೇನೆ ಎಂದು ನೇರವಾಗಿ ಹೇಳಿ. ಐದು ನಿಮಿಷ ಅನ್ನಬೇಡಿ. ಅಂದಿರೋ, ಗಡಿಯಾರ ನೋಡಿ ಆರನೆಯ ನಿಮಿಷಕ್ಕೆ ಹೋಗಿ ನಿಲ್ಲಿ. ದಿನಕ್ಕೆ ಒಂದು ಸಲ ಮಕ್ಕಳ ಆಟದಲ್ಲಿ ಔಟಾಗಿ. ತಾಯಂದಿರೇ, ಹೀಗೆ ನನ್ನ ಕಡೆ ನೋಡಿ ತಲೆ ಆಡಿಸಬೇಡಿ, ಧಾರಾವಾಹಿ ನೋಡುವಾಗ ನೀವೂ ಅದೇ ಬಕೆಟ್ ಮೇಲೆ ಕೂತಿರುತ್ತೀರಿ.

ಮಗು ಕರೆದಾಗ ಹೋಗಿ, ನಿಮ್ಮ ಪಾಲಿನದನ್ನು ನೀವೇ ತಿನ್ನಿ. ಕಾಗೆಗೆ ಏನು ಅವಸರ? ಅದರ ಸರದಿ ಹೇಗೂ ಬರುತ್ತದೆ.