ಇಸ್ಪೀಟಿಗೊಂದು ಶಾಲು

ಸಂಘದ ಅಧ್ಯಕ್ಷರಾದ ವಿರುಪಾಕ್ಷಪ್ಪನವರೇ, ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಳ್ಳೆಯ ಮಾತುಗಳನ್ನಾಡಿದ ಕಾರ್ಯದರ್ಶಿ ಬಿಂದುಶ್ರೀ ಅವರೇ, ಎರಡು ಭಾಷಣ ಸಹಿಸಿ ಮೂರನೆಯದಕ್ಕೂ ಕುಳಿತಿರುವ ಸಭಿಕರೇ,

ಶಾಲು ಬೆಚ್ಚಗಿದೆ. ಲಿವರ್‌ಮೋರಿನ ಈ ಬಿಸಿಲಿಗೆ ಬೇಕಿರಲಿಲ್ಲ, ಆದರೂ ಬೆಚ್ಚಗಿದೆ. ಇಸ್ಪೀಟು ಆಡಿದ್ದಕ್ಕೆ ಮೈಸೂರಿನಲ್ಲೂ ಒಮ್ಮೆ ನನ್ನನ್ನು ವಿಚಾರಿಸಿಕೊಂಡಿದ್ದರು. ಬಂದವರು ಪೊಲೀಸರು. ಹೆಗಲ ಮೇಲೆ ಬಿದ್ದದ್ದು ಶಾಲಲ್ಲ.

ಅಧ್ಯಕ್ಷರು ‘ಗೆಲುವಿನ ಗುಟ್ಟು’ ಎಂಬ ವಿಷಯ ಕೊಟ್ಟಿದ್ದಾರೆ. ಟಿವಿಯ ಪೋಕರ್ ಪಂದ್ಯದಲ್ಲಿ ನನಗೆ ಬಂದದ್ದು ಎರಡನೇ ಸ್ಥಾನ. ಪ್ರವೇಶಕ್ಕೆ ಕಟ್ಟಿದ್ದು ಇಪ್ಪತ್ತೈದು ಸಾವಿರ ಡಾಲರು, ಬಂದದ್ದು ನಾಲ್ಕು ಲಕ್ಷ ಹತ್ತು ಸಾವಿರ. ತೆರಿಗೆ ಕಳೆದು ಉಳಿದದ್ದೆಷ್ಟು ಎಂದು ಹೇಳುವುದಿಲ್ಲ, ಖಜಾಂಚಿಗಳು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬರ ಕೈಗೂ ಎರಡು ಎಲೆ, ಬೇರೆಯವರಿಗೆ ಕಾಣದಂತೆ. ಏನೂ ಇಲ್ಲದ ಕೈಯನ್ನು ಇದೆಯೆಂದು ನಂಬಿಸಿ ಎದುರಿನವನು ಎಲೆ ಎಸೆದು ಆ ಆಟ ಬಿಟ್ಟುಕೊಡುವಂತೆ ಮಾಡುವುದಕ್ಕೆ ಬ್ಲಫ್ ಎನ್ನುತ್ತಾರೆ. ಅಂಗಡಿ ನಡೆಸುವವನಿಗೆ ಇದನ್ನು ಯಾರು ಕಲಿಸಬೇಕು? ಆದರೆ ಟಿವಿಯ ಆಟದಲ್ಲಿ ಮೇಜಿನ ಅಂಚಿಗೊಂದು ಪುಟ್ಟ ಕ್ಯಾಮೆರಾ ಇರುತ್ತದೆ. ನನ್ನ ಎಲೆ ಎದುರು ಕುಳಿತವನಿಗೆ ಕಾಣುವುದಿಲ್ಲ, ಆರು ವಾರ ಕಳೆದ ಮೇಲೆ ಜಗತ್ತಿಗೆಲ್ಲ ಕಾಣುತ್ತದೆ.

ಕೊನೆಯ ದಿನ ನನ್ನೆದುರು ಕಪ್ಪು ಕನ್ನಡಕದ ಒಬ್ಬ ಹುಡುಗ. ನನ್ನ ಕೈಯಲ್ಲಿ ಏಳು ಮತ್ತು ಎರಡು. ಅದಕ್ಕಿಂತ ದರಿದ್ರದ ಕೈ ಈ ಆಟದಲ್ಲಿಲ್ಲ. ಇದ್ದಬದ್ದ ಪಣದ ಬಿಲ್ಲೆಗಳನ್ನೆಲ್ಲ ನಡುವಿಗೆ ತಳ್ಳಿ, ಅವನ ಮುಖ ನೋಡಿ, “ಊಟ ಆಯ್ತಾ?” ಎಂದು ಅವನ ಭಾಷೆಯಲ್ಲಿ ಕೇಳಿದೆ. ಅವನು ಎಲೆ ಎಸೆದ. ನಮ್ಮವರು ಯಾರನ್ನು ಕಂಡರೂ ಕೇಳುವ ಮಾತಲ್ಲವೇ? ನನ್ನ ಬಾಯಿಂದ ತಾನಾಗಿಯೇ ಬಂತು.

ತಾನಾಗಿಯೇ ಬಂತು ಎಂದೇ ನಾನು ತಿಳಿದಿದ್ದೆ.

ಕಾರ್ಯಕ್ರಮ ಪ್ರಸಾರವಾದ ದಿನ ನಮ್ಮ ಮನೆಯಲ್ಲಿ ಹದಿನೆಂಟು ಜನ. ಬಿಂದುಶ್ರೀ ಅವರೂ ಇದ್ದರು. ಟಿವಿಯ ನಿರೂಪಕ ನಕ್ಕು ಹೇಳಿದ: “ಗಮನಿಸಿ, ಈ ಅಂಗಡಿಯ ಸಾಹೇಬರು ಮೂರು ಸಲ ಊಟ ಆಯ್ತಾ ಎಂದು ಕೇಳಿದ್ದಾರೆ. ಮೂರು ಸಲವೂ ಕೈಯಲ್ಲಿ ಏನೂ ಇರಲಿಲ್ಲ. ಒಳ್ಳೆಯ ಎಲೆ ಬಂದಾಗ ಇವರಿಗೆ ಯಾರ ಹೊಟ್ಟೆಯ ಚಿಂತೆಯೂ ಇಲ್ಲ!” ಹದಿನೇಳು ಜನ ಬಿದ್ದು ಬಿದ್ದು ನಕ್ಕರು. ನನ್ನ ಶ್ರೀಮತಿ ಪ್ರಭಾ ನಗಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಕಾಫಿ ಇಟ್ಟು ಕೇಳಿದರು: “ರೀ, ಅಪ್ಪ ಆಸ್ಪತ್ರೇಲಿದ್ದಾಗ ಸೋಮವಾರದವರೆಗೂ ಫ್ಲೈಟಲ್ಲಿ ಸೀಟಿಲ್ಲ ಅಂದ್ರಿ. ಆವತ್ತು ನೀವು ಬಾಗಿಲು ತೆಗೆದು ಒಳಗೆ ಬಂದವರೇ, ಊಟ ಆಯ್ತಾ ಪ್ರಭಾ ಅಂತ ಕೇಳಿದ್ರಿ.”

ನಾನು, “ಏನೇನೋ ಹಳೇದು ಕೆದಕ್ಬೇಡ ಮಾರಾಯ್ತಿ,” ಎಂದೆ.

“ಕೆದಕ್ತಿಲ್ಲ. ಸೀಟಿತ್ತಾ, ಇರ್ಲಿಲ್ವಾ, ಅಷ್ಟು ಹೇಳಿ.”

ಇದು ಹನ್ನೊಂದು ದಿನದ ಹಿಂದಿನ ಮಾತು. ಅಂದಿನಿಂದ ಪ್ರಭಾ ನನ್ನೊಡನೆ ಬೇರೆ ಮಾತನಾಡಿಲ್ಲ. ನಾನು ಬಾಯಿ ತೆರೆದರೆ ಸಾಕು, ಎಲೆ ಓದುವವರ ಹಾಗೆ ಮುಖ ನೋಡುತ್ತಾರೆ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಎಷ್ಟು ಸಲ ಊಟ ಕೇಳಿದ್ದೇನೆ! ಎಷ್ಟು ಸಲ ನಿಜವಾಗಿ ಊಟದ್ದೇ ವಿಚಾರವಾಗಿತ್ತು, ಎಷ್ಟು ಸಲ ಅಲ್ಲ? ಲೆಕ್ಕಕ್ಕೆ ಹೆಸರಾದವನು ನಾನು. ಈ ಲೆಕ್ಕ ನನ್ನಲ್ಲಿಲ್ಲ.

ಕ್ಷಮಿಸಿ, ವಿಷಯ ಬೇರೆಲ್ಲೋ ಹೋಯಿತು. ಗುಟ್ಟಿಗೆ ಬರುತ್ತೇನೆ.

ಹದಿಮೂರು ವರ್ಷದ ಹಿಂದೆ ವಾಲ್ನಟ್ ಕ್ರೀಕಿನಲ್ಲಿ ನನ್ನ ಅಂಗಡಿಯ ಆರಂಭ ಒಂದು ಶನಿವಾರಕ್ಕೆ ಗೊತ್ತಾಗಿತ್ತು. ಆರುನೂರು ಜನರಿಗೆ ಕರೆ ಹೋಗಿತ್ತು. ಚಕ್ಕುಲಿ, ಕೋಡುಬಳೆ, ಮೈಸೂರು ಪಾಕು, ಎಲ್ಲಕ್ಕೂ ಪ್ರಭಾ ಅವರದೇ ಕೈ. ಮಂಗಳವಾರ ಮೈಸೂರಿನಿಂದ ಅವರ ತಮ್ಮ ಗೌತಮ್ ಫೋನ್ ಮಾಡಿದ: “ಭಾವ, ಅಪ್ಪ ಅಕ್ಕನ್ನೇ ಕೇಳ್ತಾ ಇದ್ದಾರೆ. ಬೇಗ ಕಳಿಸಿ.” ನಾನು ಟ್ರಾವೆಲ್ ಏಜೆಂಟ್ ಮಧುಕರ್ ಹತ್ತಿರ ಹೋದೆ. ಅವರು ಕಂಪ್ಯೂಟರು ನೋಡಿ, “ಸಾರ್, ಗುರುವಾರ ಒಂದಿದೆ, ಸೋಮವಾರ ಬೇಕಾದಷ್ಟಿವೆ,” ಎಂದರು. ನಾನು ನಿಂತಲ್ಲೇ ಎಣಿಸಿದೆ. ಶುಕ್ರ, ಶನಿ, ಭಾನು, ಸೋಮ. ಮಾವನವರು ಗಟ್ಟಿ ಜೀವ, ಇನ್ನು ನಾಲ್ಕು ದಿನ ಹೆಚ್ಚಿಗೆ ತಡೆಯುತ್ತಾರೆ ಎಂದುಕೊಂಡೆ.

ಅಂಗಡಿ ತುಂಬಿತು. ಮೈಸೂರು ಪಾಕು ಒಂದು ಗಂಟೆಯಲ್ಲಿ ಖಾಲಿ. ಮಾವನವರು ಭಾನುವಾರ ಹೋದರು.

ಮನೆಯಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹನ್ನೊಂದು ದಿನ ಪ್ರಯತ್ನಿಸಿದೆ. ಪ್ರತಿ ಸಲವೂ ಎಂಥದೋ ಒಳ್ಳೆಯ ಮಾತು ಅಡ್ಡ ಬರುತ್ತಿತ್ತು. ಇಲ್ಲಿ ಮೈಕಿದೆ, ಮುನ್ನೂರು ಜನರಿದ್ದಾರೆ, ಹೇಳಿದ ಮೇಲೆ ಹಿಂದೆಗೆಯಲು ಆಗುವುದಿಲ್ಲ. ನನ್ನಂಥವನಿಗೆ ಇಷ್ಟು ಬಂದೋಬಸ್ತು ಬೇಕು.

ಇತ್ತು, ಪ್ರಭಾ. ಗುರುವಾರ ಒಂದು ಸೀಟಿತ್ತು.

ಐದನೇ ಸಾಲಿನಲ್ಲಿ ಎದ್ದವರು ಅವರೇ. ದಯವಿಟ್ಟು ಕಾಲು ಒಳಗೆಳೆದುಕೊಳ್ಳಿ, ದಾರಿ ಬಿಡಿ. ಯಾರೂ ತಡೆಯಬೇಡಿ. ಬಿಂದುಶ್ರೀ ಅವರೇ, ನೀವೂ ಬೇಡ.

ಸಂಘಕ್ಕೆ ಋಣಿ. ಶಾಲಿಗೆ, ತಾಳ್ಮೆಗೆ ಧನ್ಯವಾದ. ಕಾರಿನ ಕೀಲಿ ಪ್ರಭಾ ಅವರ ಕೈಯಲ್ಲಿದೆ. ವಾಲ್ನಟ್ ಕ್ರೀಕ್ ಕಡೆಗೆ ಹೋಗುವವರು ಯಾರಾದರೂ ಇದ್ದರೆ ಕೈ ಎತ್ತಿ, ನನ್ನನ್ನು ಅಂಗಡಿಯ ಹತ್ತಿರ ಇಳಿಸಿದರೆ ಸಾಕು.

ನಮಸ್ಕಾರ.